ಲಿವರ್‌ನ ಚುಕ್ಕೆ, ಜಠರದ ಗಡ್ಡೆ: ಸ್ಕ್ಯಾನ್ ಎಲ್ಲಿಯವರೆಗೆ ಹೇಳಬಲ್ಲದು?

(ಸಾರ್ವಜನಿಕರಿಗಾಗಿ ಕೊಟ್ಟ ಉಪನ್ಯಾಸದ ಬರಹ ರೂಪ. ಅಂದು ಪರದೆಯ ಮೇಲೆ ತೋರಿಸಿದ ಚಿತ್ರಗಳನ್ನು ಇಲ್ಲಿ ಮಾತಿನಲ್ಲೇ ಬಿಡಿಸಿ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ರೇಡಿಯಾಲಜಿ ಡಾಕ್ಟರ್. ನೀವು ಸ್ಕ್ಯಾನ್ ಮಾಡಿಸಿಕೊಂಡು ಮನೆಗೆ ಹೋದ ಮೇಲೆ ಆ ಚಿತ್ರಗಳನ್ನು ಕೂತು ನೋಡಿ ರಿಪೋರ್ಟ್ ಬರೆಯುವವರು ಒಬ್ಬರು ಇರುತ್ತಾರಲ್ಲ, ಅದು ನನ್ನ ಕೆಲಸ.

ಇವತ್ತು ಎರಡು ವಿಷಯ ಮಾತಾಡೋಣ. ಒಂದು, ಲಿವರ್‌ನಲ್ಲಿ ಕಾಣಿಸುವ ಹೆಮಾಂಜಿಯೋಮ, ಅಂದರೆ ರಕ್ತ ತುಂಬಿದ, ಅಪಾಯವಿಲ್ಲದ ಗಡ್ಡೆ. ಇನ್ನೊಂದು, ಜಠರದ ಗಡ್ಡೆ. ಎರಡನ್ನೂ ಒಂದೇ ದಿನ ಎತ್ತಿಕೊಳ್ಳಲು ಕಾರಣ ಇದೆ. ಹೆಮಾಂಜಿಯೋಮ ಇದ್ದರೆ ಚಿತ್ರ ನೋಡಿಯೇ ಹೆಸರು ಹೇಳಿಬಿಡಬಹುದು. ಸೂಜಿ ಹಾಕಬೇಕಿಲ್ಲ, ಹಾಕದಿದ್ದರೇ ಒಳ್ಳೆಯದು. ಜಠರದ ಗಡ್ಡೆಯ ವಿಷಯದಲ್ಲಿ ಎಷ್ಟೇ ಚೆಂದದ ಚಿತ್ರ ತೆಗೆದರೂ, ಒಂದು ಚೂರು ತೆಗೆದು ಮೈಕ್ರೋಸ್ಕೋಪ್ ಕೆಳಗೆ ಇಟ್ಟು ನೋಡುವವರೆಗೆ ಸಾಮಾನ್ಯವಾಗಿ ಹೆಸರು ಹೇಳುವಂತಿಲ್ಲ. ಅಕ್ಕಪಕ್ಕ ಅಂಟಿಕೊಂಡೇ ಇರುವ ಎರಡು ಅಂಗಗಳು, ಆದರೆ ಸ್ಕ್ಯಾನ್‌ಗೆ ಒಂದರಲ್ಲಿ ಇರುವ ಅಧಿಕಾರ ಇನ್ನೊಂದರಲ್ಲಿ ಇಲ್ಲ. ಕೆಲವೊಮ್ಮೆ ಎರಡೂ ಒಬ್ಬರಲ್ಲೇ ಸಿಗುತ್ತವೆ. ಆಗ ನಿಜವಾದ ಪೀಕಲಾಟ ಶುರುವಾಗುತ್ತದೆ. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ಲಿವರ್.

ಲಿವರ್‌ನಲ್ಲಿ ಹುಟ್ಟುವ ಅಪಾಯವಿಲ್ಲದ ಗಡ್ಡೆಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದದ್ದು ಹೆಮಾಂಜಿಯೋಮ. ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. ಹೆಚ್ಚಾಗಿ 30ರಿಂದ 50ರ ವಯಸ್ಸಿನಲ್ಲಿ ಗೊತ್ತಾಗುತ್ತದೆ, ಅದೂ ಬೇರೇನನ್ನೋ ಹುಡುಕುವಾಗ. ಕಿಡ್ನಿಯಲ್ಲಿ ಕಲ್ಲಿದೆಯಾ ಅಂತ ನೋಡಲು ಹೋಗಿರುತ್ತಾರೆ, ಲಿವರ್‌ನಲ್ಲಿ ಒಂದು ಬಿಳಿ ಚುಕ್ಕೆ ಕಾಣುತ್ತದೆ. ಒಳಗೆ ಇರುವುದು ಏನು ಅಂದರೆ, ರಕ್ತ ತುಂಬಿದ ಪುಟ್ಟ ಪುಟ್ಟ ಕೋಣೆಗಳು. ಕೋಣೆಗಳ ನಡುವೆ ತೆಳುವಾದ ಗೋಡೆ. ಒಂದು ಸ್ಪಂಜು ರಕ್ತ ಹೀರಿಕೊಂಡು ಕೂತ ಹಾಗೆ. ರಕ್ತ ಅಪಧಮನಿಯಿಂದ ಬರುತ್ತದೆ, ಒಳಗೆ ಬಂದ ಮೇಲೆ ಬಹಳ ನಿಧಾನವಾಗಿ ಸಾಗುತ್ತದೆ. ಈ ನಿಧಾನವನ್ನು ನೆನಪಿಟ್ಟುಕೊಳ್ಳಿ. ಹೆಮಾಂಜಿಯೋಮಕ್ಕೆ ಕಾಂಟ್ರಾಸ್ಟ್ ಕೊಟ್ಟು ಮಾಡುವ ಪರೀಕ್ಷೆಗಳು ಹಿಡಿಯುವುದು ಇದನ್ನೇ. ಕಾಂಟ್ರಾಸ್ಟ್ ಅಂದರೆ ಸ್ಕ್ಯಾನ್‌ನಲ್ಲಿ ರಕ್ತ ಎದ್ದು ಕಾಣಲೆಂದು ನಾಳಕ್ಕೆ ಕೊಡುವ ಔಷಧ.

ಅಲ್ಟ್ರಾಸೌಂಡ್ ರಿಪೋರ್ಟ್‌ನಲ್ಲಿ ಒಂದು ವಾಕ್ಯ ನೋಡಿರುತ್ತೀರಿ: ‘ವೆಲ್ ಡಿಫೈನ್ಡ್ ಹೈಪರ್‌ಎಕೋಯಿಕ್ ಲೀಷನ್, ಲೈಕ್ಲಿ ಹೆಮಾಂಜಿಯೋಮ’. ಅಂಚು ಸ್ಪಷ್ಟವಾಗಿರುವ ಬಿಳಿ ಚುಕ್ಕೆ, ಬಹುಶಃ ಹೆಮಾಂಜಿಯೋಮ ಅಂತ ಅರ್ಥ. ಜನ ಗಾಬರಿಯಾಗುವುದು ‘ಲೀಷನ್’ ಅನ್ನುವ ಪದಕ್ಕೆ. ಇನ್ನು ಕೆಲವರಿಗೆ ‘ಲೈಕ್ಲಿ’ ಅನ್ನುವುದು ಕೊರೆಯುತ್ತದೆ. ಡಾಕ್ಟರಿಗೇ ಖಾತ್ರಿ ಇಲ್ವಾ ಅಂತ. ಅದು ಯಾಕೆ ಹಾಗೆ ಅನ್ನುವುದು ಅಲ್ಟ್ರಾಸೌಂಡ್ ಕೆಲಸ ಮಾಡುವ ರೀತಿಯಲ್ಲೇ ಇದೆ. ಶಬ್ದದ ಅಲೆ ಒಳಗೆ ಹೋಗಿ, ಎಲ್ಲೆಲ್ಲಿ ಒಂದು ವಸ್ತು ಮುಗಿದು ಇನ್ನೊಂದು ಶುರುವಾಗುತ್ತದೋ ಅಲ್ಲಲ್ಲಿ ಸ್ವಲ್ಪ ಸ್ವಲ್ಪ ವಾಪಸ್ ಬರುತ್ತದೆ. ಹೆಮಾಂಜಿಯೋಮದೊಳಗೆ ಗೋಡೆ, ರಕ್ತ, ಗೋಡೆ, ರಕ್ತ ಅಂತ ನೂರಾರು ಗಡಿಗಳಿವೆ. ಪ್ರತಿ ಗಡಿಯಿಂದಲೂ ಪ್ರತಿಧ್ವನಿ. ಹಾಗಾಗಿ ಸುತ್ತಲಿನ ಲಿವರ್‌ಗಿಂತ ಬೆಳ್ಳಗೆ ಕಾಣುತ್ತದೆ. ತೊಂದರೆ ಏನು ಅಂದರೆ, ಕೆಲವು ಬೇರೆ ಗಡ್ಡೆಗಳೂ ಬೆಳ್ಳಗೆ ಕಾಣಬಹುದು. ಇನ್ನು ಫ್ಯಾಟಿ ಲಿವರ್ ಇದ್ದವರಲ್ಲಿ ಇಡೀ ಲಿವರೇ ಬೆಳ್ಳಗಾಗಿರುತ್ತದೆ, ಅದರ ಮುಂದೆ ಹೆಮಾಂಜಿಯೋಮವೇ ಕಪ್ಪಾಗಿ ಕಂಡುಬಿಡುತ್ತದೆ. ಇವತ್ತು ಫ್ಯಾಟಿ ಲಿವರ್ ಎಷ್ಟು ಸಾಮಾನ್ಯ ಅಂತ ನಿಮಗೇ ಗೊತ್ತು. ಬಣ್ಣದ ಡಾಪ್ಲರ್ ಹಾಕಿ ರಕ್ತ ಹರಿಯುವುದನ್ನು ನೋಡೋಣ ಅಂದರೆ, ಅಲ್ಲೂ ಹೆಚ್ಚೇನೂ ಕಾಣುವುದಿಲ್ಲ. ಗಡ್ಡೆಯ ತುಂಬ ರಕ್ತವೇ ಇದೆ, ಆದರೆ ಡಾಪ್ಲರ್ ಹಿಡಿಯುವಷ್ಟು ವೇಗದಲ್ಲಿ ಅದು ಹರಿಯುವುದಿಲ್ಲ. ಹೊಸದಾಗಿ ಈ ಕೆಲಸಕ್ಕೆ ಬಂದವರು ಇಲ್ಲಿ ತಬ್ಬಿಬ್ಬಾಗುತ್ತಾರೆ.

ಆದರೂ ಒಂದು ಮಾತು. ಲಿವರ್ ಆರೋಗ್ಯವಾಗಿದೆ, ಹಿಂದೆ ಕ್ಯಾನ್ಸರ್ ಬಂದಿಲ್ಲ, ಚುಕ್ಕೆ ಚಿಕ್ಕದು, ಅಂಚು ಸ್ಪಷ್ಟ, ಒಳಗೆಲ್ಲ ಒಂದೇ ಸಮನೆ ಬಿಳಿ. ಇಷ್ಟಿದ್ದರೆ ಅಲ್ಟ್ರಾಸೌಂಡ್ ಒಂದೇ ಸಾಕು. ಯುರೋಪಿನ ಲಿವರ್ ತಜ್ಞರ ಸಂಘ 2016ರಲ್ಲಿ ಕೊಟ್ಟ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಇಷ್ಟರಲ್ಲಿ ಒಂದು ತಪ್ಪಿದರೂ ಕಾಂಟ್ರಾಸ್ಟ್ ಹಾಕಿ ನೋಡಬೇಕು.

ಇಲ್ಲಿ ನಾನು ಪರದೆಯ ಮೇಲೆ ಒಂದು ಸಿಟಿ ಸ್ಕ್ಯಾನ್ ತೋರಿಸಿದೆ. ಲಿವರ್‌ನ ಬಲಭಾಗದಲ್ಲಿ ಸುಮಾರು 3 ಸೆಂಟಿಮೀಟರ್ ಗಡ್ಡೆ. ಒಂದೇ ಜಾಗದ ನಾಲ್ಕು ಚಿತ್ರ. ಇದನ್ನು ಸ್ವಲ್ಪ ಸಾವಕಾಶವಾಗಿ ನೋಡೋಣ, ಯಾಕೆಂದರೆ ಹೆಮಾಂಜಿಯೋಮದ ಇಡೀ ಗುಟ್ಟು ಈ ನಾಲ್ಕು ಚಿತ್ರಗಳಲ್ಲಿದೆ.

ಮೊದಲನೆಯದು, ಕಾಂಟ್ರಾಸ್ಟ್ ಕೊಡುವ ಮುಂಚಿನದು. ಲಿವರ್ ಬೂದು ಬಣ್ಣ, ಗಡ್ಡೆ ಅದಕ್ಕಿಂತ ಒಂಚೂರು ಕಪ್ಪು. ಪಕ್ಕದ ರಕ್ತನಾಳಗಳ ಬಣ್ಣವೂ ಗಡ್ಡೆಯ ಬಣ್ಣವೂ ಒಂದೇ. ಇದೊಂದನ್ನೇ ನೋಡಿ ಯಾರೂ ಏನೂ ಹೇಳಲಾರರು. ಎರಡನೆಯದು, ಕೈಯ ನಾಳದಲ್ಲಿ ಅಯೋಡಿನ್ ಇರುವ ಔಷಧ ಕೊಟ್ಟು ಸುಮಾರು 30 ಸೆಕೆಂಡ್ ಆದ ಮೇಲೆ. ಈಗ ಔಷಧ ಅಪಧಮನಿಗಳಲ್ಲಿದೆ. ಲಿವರ್ ಇನ್ನೂ ಬೆಳಗಿಲ್ಲ, ಯಾಕೆಂದರೆ ಲಿವರ್‌ಗೆ ಬರುವ ರಕ್ತದ ಸುಮಾರು ಮುಕ್ಕಾಲು ಪಾಲು ಕರುಳಿನಿಂದ ಪೋರ್ಟಲ್ ನಾಳದ ಮೂಲಕ ಬರುವುದು, ಅದಕ್ಕೆ ಇನ್ನೂ ಸ್ವಲ್ಪ ಹೊತ್ತು ಬೇಕು. ಗಡ್ಡೆಯ ಅಂಚನ್ನು ನೋಡಿ. ಅಲ್ಲಲ್ಲಿ ಬಿಳಿ ಉಂಡೆಗಳು. ಒಂದು ಇಲ್ಲಿ, ಒಂದು ಅಲ್ಲಿ, ನಡುವೆ ಖಾಲಿ. ಆ ಉಂಡೆಗಳು ಎಷ್ಟು ಬೆಳ್ಳಗಿವೆ ಅಂದರೆ, ಬೆನ್ನುಮೂಳೆಯ ಮುಂದೆ ಕಾಣುವ ಮಹಾಪಧಮನಿಯಷ್ಟೇ ಬೆಳ್ಳಗಿವೆ.

ಮೂರನೆಯದು ಸುಮಾರು 70 ಸೆಕೆಂಡ್‌ಗೆ. ಈಗ ಲಿವರ್ ಬೆಳಗಿದೆ. ಅಂಚಿನ ಉಂಡೆಗಳು ದೊಡ್ಡದಾಗಿ ಒಳಮುಖವಾಗಿ ಹಬ್ಬಿವೆ, ಒಂದಕ್ಕೊಂದು ಕೂಡಿಕೊಳ್ಳುತ್ತಿವೆ. ನಾಲ್ಕನೆಯದು 5 ನಿಮಿಷಕ್ಕೆ. ಗಡ್ಡೆ ಪೂರ್ತಿ ತುಂಬಿದೆ. ಸುತ್ತಲಿನ ಲಿವರ್‌ನಿಂದ ಔಷಧ ಇಳಿಯುತ್ತಾ ಬಂದಿದೆ, ಗಡ್ಡೆ ಮಾತ್ರ ರಕ್ತನಾಳಗಳ ಜೊತೆ ಸಮಸಮನಾಗಿ ಬೆಳ್ಳಗೇ ಉಳಿದಿದೆ.

ಅಂಚಿನಿಂದ ಒಳಕ್ಕೆ, ತುಂಡು ತುಂಡಾಗಿ, ನಿಧಾನವಾಗಿ, ಪ್ರತಿ ಹಂತದಲ್ಲೂ ರಕ್ತದ ಬಣ್ಣದಲ್ಲೇ. ಈ ನಾಲ್ಕೂ ಕೂಡಿ ಬಂದರೆ ಅದು ಹೆಮಾಂಜಿಯೋಮ. ವಾದ ಇಲ್ಲ. ಬೇರೆ ಅಂಗದಿಂದ ಹರಡಿ ಬಂದ ಕ್ಯಾನ್ಸರ್ ಗಡ್ಡೆಯೂ ಅಂಚಿನಲ್ಲಿ ಬೆಳಗಬಹುದು. ಆದರೆ ಅದರ ಅಂಚು ಎಲ್ಲೂ ತುಂಡಾಗದ ಉಂಗುರ. ಆ ಉಂಗುರ ಮಹಾಪಧಮನಿಯಷ್ಟು ಬೆಳ್ಳಗಿರುವುದಿಲ್ಲ. ಹೊತ್ತು ಕಳೆದಂತೆ ಒಳಗೆ ಹೀಗೆ ತುಂಬಿಕೊಳ್ಳುವುದೂ ಇಲ್ಲ. ರೇಡಿಯಾಲಜಿ ಕಲಿಯುವವರಿಗೆ ನಾನು ಹೇಳುವುದು ಇಷ್ಟೇ: ಉಂಗುರ ಕಂಡರೆ ಕುರ್ಚಿಯಲ್ಲಿ ನೆಟ್ಟಗೆ ಕೂತುಕೋ.

ಎಲ್ಲಾ ಹೆಮಾಂಜಿಯೋಮಗಳೂ ಇಷ್ಟು ಸಭ್ಯವಾಗಿ ನಡೆದುಕೊಳ್ಳುವುದಿಲ್ಲ. ಒಂದು ಸೆಂಟಿಮೀಟರ್ ಆಸುಪಾಸಿನ ಪುಟ್ಟವು ಅಪಧಮನಿಯ ಹಂತದಲ್ಲೇ ಭಗ್ ಅಂತ ಪೂರ್ತಿ ತುಂಬಿಬಿಡುತ್ತವೆ. ಲಿವರ್ ಕ್ಯಾನ್ಸರ್ ಕೂಡ ಇದೇ ಹಂತದಲ್ಲಿ ಹೀಗೇ ಬೆಳಗುತ್ತದೆ. ಆಗ ಕೊನೆಯ ಚಿತ್ರಕ್ಕೆ ಕಾಯಬೇಕು. ಹೆಮಾಂಜಿಯೋಮ ಬೆಳ್ಳಗೇ ಇರುತ್ತದೆ, ಲಿವರ್ ಕ್ಯಾನ್ಸರ್ ಔಷಧವನ್ನು ಬೇಗ ಬಿಟ್ಟುಕೊಟ್ಟು ಕಪ್ಪಗಾಗುತ್ತದೆ. ಇನ್ನೊಂದು ತುದಿಯಲ್ಲಿ ತುಂಬ ದೊಡ್ಡವು ಇವೆ. 5 ಸೆಂಟಿಮೀಟರ್ ದಾಟಿದರೆ ಸಾಮಾನ್ಯವಾಗಿ ದೈತ್ಯ ಹೆಮಾಂಜಿಯೋಮ ಅನ್ನುತ್ತೇವೆ. ಇವುಗಳ ನಡುವೆ ಹಳೆಯ ಗಾಯದ ಕಲೆಯಂಥ ಗಟ್ಟಿ ಭಾಗ ಇರುತ್ತದೆ, ರಕ್ತ ಹೆಪ್ಪುಗಟ್ಟಿರುತ್ತದೆ. ಆ ಭಾಗ ಅರ್ಧ ಗಂಟೆ ಕಾದರೂ ತುಂಬುವುದಿಲ್ಲ. ಅದಕ್ಕೆ ಹೆದರಬೇಕಿಲ್ಲ.

ಎಂಆರ್‌ಐಗೆ ಬಂದರೆ, ನೀರಿನಂಥ ದ್ರವವನ್ನು ಬೆಳ್ಳಗೆ ತೋರಿಸುವ ಟಿ2 ಅನ್ನುವ ಚಿತ್ರದಲ್ಲಿ ಹೆಮಾಂಜಿಯೋಮ ಝಗ್ ಅಂತ ಹೊಳೆಯುತ್ತದೆ. ರೇಡಿಯಾಲಜಿಯಲ್ಲಿ ಇದಕ್ಕೆ ಲೈಟ್ ಬಲ್ಬ್ ಸೈನ್ ಅಂತಲೇ ಹೆಸರು. ನೀರುಗುಳ್ಳೆಯೂ ಹಾಗೇ ಹೊಳೆಯುತ್ತದೆ, ಆದರೆ ಕಾಂಟ್ರಾಸ್ಟ್ ಕೊಟ್ಟಾಗ ಅದರೊಳಗೆ ಏನೂ ಹೋಗುವುದಿಲ್ಲ, ಅಲ್ಲಿಗೆ ಬೇರೆ ಬೇರೆ ಗೊತ್ತಾಯಿತು. ನನ್ನ ಮಟ್ಟಿಗೆ ಅನುಮಾನ ಉಳಿದಾಗ ಎಂಆರ್‌ಐನಷ್ಟು ನಂಬಿಕೆಯ ಪರೀಕ್ಷೆ ಇಲ್ಲ. ಒಂದು ಎಚ್ಚರಿಕೆ ಮಾತ್ರ ಇದೆ. ಲಿವರ್ ಕೋಶಗಳೇ ಹೀರಿಕೊಳ್ಳುವ ವಿಶೇಷ ಕಾಂಟ್ರಾಸ್ಟ್ ಒಂದಿದೆ, ಗ್ಯಾಡಾಕ್ಸಿಟೇಟ್ ಅಂತ. ಅದನ್ನು ಕೊಟ್ಟಾಗ ಎರಡು ಮೂರು ನಿಮಿಷಕ್ಕೇ ಲಿವರ್ ತಾನೇ ಬೆಳಗಲು ಶುರುಮಾಡುತ್ತದೆ. ಅದರ ಎದುರು ಹೆಮಾಂಜಿಯೋಮ ಕಪ್ಪಾದ ಹಾಗೆ ಕಾಣುತ್ತದೆ. ನೋಡಿದವರು ಇದು ಔಷಧ ಬಿಟ್ಟುಕೊಟ್ಟಿತು, ಹಾಗಾದರೆ ಕ್ಯಾನ್ಸರ್ ಅಂದುಕೊಳ್ಳಬಹುದು. ಯಾವ ಕಾಂಟ್ರಾಸ್ಟ್ ಕೊಟ್ಟರು ಅನ್ನುವುದನ್ನು ನೋಡದೆ ಲಿವರ್ ಎಂಆರ್‌ಐ ಓದಲೇಬಾರದು.

ಕಿಡ್ನಿ ಸರಿಯಿಲ್ಲದವರಿಗೆ ಇನ್ನೊಂದು ದಾರಿ ಇದೆ. ಗಂಧಕದ ಹೆಕ್ಸಾಫ್ಲೋರೈಡ್ ಅನಿಲದ ಸೂಕ್ಷ್ಮ ಗುಳ್ಳೆಗಳನ್ನು ನಾಳಕ್ಕೆ ಬಿಟ್ಟು ಅಲ್ಟ್ರಾಸೌಂಡ್‌ನಲ್ಲೇ ನೋಡುವುದು. ಕೆಂಪು ರಕ್ತಕಣಕ್ಕಿಂತ ಚಿಕ್ಕ ಗುಳ್ಳೆಗಳು ಇವು. ರಕ್ತನಾಳ ಬಿಟ್ಟು ಹೊರಗೆ ಹೋಗುವುದಿಲ್ಲ, ಕೊನೆಗೆ ಆ ಅನಿಲ ಉಸಿರಿನಲ್ಲಿ ಹೊರಬೀಳುತ್ತದೆ. ಅಂಚಿನಿಂದ ಒಳಗೆ ತುಂಬುವ ಅದೇ ಆಟವನ್ನು ಇಲ್ಲಿ ಕಣ್ಣೆದುರೇ, ನಡೆಯುತ್ತಿರುವಾಗಲೇ ನೋಡಬಹುದು. ರೋಗಿಯದೇ ಕೆಂಪು ರಕ್ತಕಣಗಳಿಗೆ ವಿಕಿರಣ ಸೂಸುವ ಟೆಕ್ನೀಶಿಯಂ ಅಂಟಿಸಿ ನೋಡುವ ಹಳೆಯ ಪರೀಕ್ಷೆಯೂ ಇದೆ. ಈಗ ಬಳಕೆ ಕಡಿಮೆ, ಚಿಕ್ಕ ಚುಕ್ಕೆಗಳಿಗೆ ಅದು ಆಗಿಬರುವುದಿಲ್ಲ.

ಇಷ್ಟೆಲ್ಲ ಕಸರತ್ತು ಯಾಕೆ, ಒಂದು ಸೂಜಿ ಹಾಕಿ ಚೂರು ತೆಗೆದರೆ ಮುಗಿಯಿತಲ್ಲ ಅಂತ ಸಭೆಯಲ್ಲಿ ಒಬ್ಬರು ನಡುವೆಯೇ ಕೇಳಿದರು. ನ್ಯಾಯವಾದ ಪ್ರಶ್ನೆ. ರಕ್ತ ತುಂಬಿದ ಗಡ್ಡೆಗೆ ಸೂಜಿ ಹಾಕಿದರೆ ರಕ್ತ ಸೋರುವ ಭಯ ಇದೆ. ಅಷ್ಟು ಕಷ್ಟಪಟ್ಟು ತೆಗೆದ ಚೂರಿನಲ್ಲಿ ಸಿಗುವುದೂ ಬರೀ ರಕ್ತ ಮತ್ತು ನಾಲ್ಕು ತೆಳು ಗೋಡೆ. ಚಿತ್ರದಲ್ಲಿ ಪೂರ್ತಿ ಕತೆ ಇರುವಾಗ ಅದರ ಅಗತ್ಯ ಏನು? ಎಲ್ಲಾ ಚಿತ್ರಗಳನ್ನೂ ನೋಡಿ ಇನ್ನೂ ತೀರ್ಮಾನಕ್ಕೆ ಬರಲಾಗದಿದ್ದರೆ ಮಾತ್ರ ಬಯಾಪ್ಸಿ, ಅದೂ ತೆಳ್ಳನೆ ಸೂಜಿಯಲ್ಲಿ, ಒಳ್ಳೆಯ ಲಿವರ್ ಭಾಗವನ್ನು ಹಾದು.

ಈಗ ಜಠರ. ಇಲ್ಲಿ ನನ್ನ ಜಂಬ ಸ್ವಲ್ಪ ಇಳಿಯುತ್ತದೆ.

ಲಿವರ್ ಒಂದು ಗಟ್ಟಿ ಅಂಗ. ಉಸಿರು ಹಿಡಿದರೆ ಇದ್ದಲ್ಲೇ ಇರುತ್ತದೆ. ಜಠರ ಹಾಗಲ್ಲ. ಅದು ಖಾಲಿ ಇದ್ದಾಗ ಮಡಿಕೆ ಮಡಿಕೆಯಾಗಿ ಕುಗ್ಗುತ್ತದೆ, ತುಂಬಿದಾಗ ಹಿಗ್ಗುತ್ತದೆ, ಯಾವಾಗಲೂ ಅಲುಗಾಡುತ್ತದೆ. ಈ ಅಲುಗಾಟವನ್ನು ಎಕ್ಸ್‌ರೇಯಲ್ಲಿ ಮೊದಲು ಕೂತು ನೋಡಿದವರಲ್ಲಿ ಅಮೆರಿಕದ ವಾಲ್ಟರ್ ಕ್ಯಾನನ್ ಒಬ್ಬರು. ರಾಂಟ್ಜೆನ್ ಎಕ್ಸ್‌ರೇ ಕಂಡುಹಿಡಿದದ್ದು 1895ರಲ್ಲಿ. ಅದಾದ ಎರಡು ಮೂರು ವರ್ಷಕ್ಕೇ ಕ್ಯಾನನ್ ಬೆಕ್ಕುಗಳಿಗೆ ಎಕ್ಸ್‌ರೇಯಲ್ಲಿ ಎದ್ದು ಕಾಣುವ ಬಿಸ್ಮತ್ ಬೆರೆಸಿದ ಆಹಾರ ತಿನ್ನಿಸಿ ಜಠರದ ಚಲನೆಯನ್ನು ಬರೆದಿಟ್ಟರು. ಬೆಕ್ಕಿಗೆ ಸಿಟ್ಟು ಬಂದಾಗ ಜಠರ ಅಲುಗಾಡುವುದು ನಿಂತುಬಿಡುತ್ತದೆ ಅನ್ನುವುದೂ ಅವರ ಕಣ್ಣಿಗೆ ಬಿತ್ತು.

ಆಮೇಲೆ ಬೇರಿಯಂ ಬಂತು, ಎಕ್ಸ್‌ರೇಯಲ್ಲಿ ಎದ್ದು ಕಾಣಲೆಂದು ಕುಡಿಸುವ ದ್ರವ. ಜಪಾನಿನಲ್ಲಿ ಜಠರದ ಕ್ಯಾನ್ಸರ್ ಜಾಸ್ತಿ. ಅಲ್ಲಿನ ಡಾಕ್ಟರುಗಳು, ಮುಖ್ಯವಾಗಿ ಶಿರಾಕಾಬೆ ಮತ್ತು ಅವರ ಜೊತೆಗಾರರು, ಬೇರಿಯಂ ಜೊತೆಗೆ ಗಾಳಿಯನ್ನೂ ತುಂಬಿ ಜಠರವನ್ನು ಉಬ್ಬಿಸಿ ಚಿತ್ರ ತೆಗೆಯುವ ಕಲೆಯನ್ನು ಬೆಳೆಸಿದರು. ಬೇರಿಯಂ ಒಳಪದರದ ಮೇಲೆ ತೆಳ್ಳಗೆ ಹರಡಿಕೊಂಡಾಗ ಕೂದಲೆಳೆಯಷ್ಟು ಗುಂಡಿ, ಉಬ್ಬು ಕೂಡ ಕಾಣುತ್ತದೆ. ಗಡ್ಡೆ ಒಳಪದರ ಅಥವಾ ಅದರ ಕೆಳಗಿನ ಪದರಕ್ಕಷ್ಟೇ ಸೀಮಿತವಾಗಿದ್ದರೆ ಅದನ್ನು ಆರಂಭಿಕ ಕ್ಯಾನ್ಸರ್ ಅನ್ನಬೇಕು ಅಂತ 1962ರಲ್ಲಿ ಜಪಾನಿನ ಎಂಡೋಸ್ಕೋಪಿ ತಜ್ಞರೇ ಗೆರೆ ಎಳೆದರು. ಆ ಗೆರೆ ಇವತ್ತಿಗೂ ಇದೆ.

ಬೇರಿಯಂ ಕಾಲ ಬಹುಪಾಲು ಮುಗಿದಿದೆ. ಈಗ ಮೊದಲ ಪರೀಕ್ಷೆ ಎಂಡೋಸ್ಕೋಪಿ, ಅಂದರೆ ಬಾಯಿಂದ ಕ್ಯಾಮೆರಾ ಇರುವ ಕೊಳವೆ ಇಳಿಸಿ ನೋಡುವುದು, ಅದರಲ್ಲಿ ಎರಡು ಮಾತಿಲ್ಲ. ಕಣ್ಣಿನಿಂದ ನೇರ ನೋಡಬಹುದು, ಅನುಮಾನ ಬಂದ ಕಡೆ ಚೂರು ತೆಗೆಯಬಹುದು. ಸಣ್ಣ, ಚಪ್ಪಟೆ ಕ್ಯಾನ್ಸರ್ ಸಿಟಿಯಲ್ಲಿ ಕಾಣುವುದೇ ಇಲ್ಲ. ಆದ್ದರಿಂದ ‘ಸಿಟಿ ಮಾಡಿಸಿದೆ, ಜಠರ ನಾರ್ಮಲ್ ಅಂತ ಬಂತು’ ಅಂತ ಎಂಡೋಸ್ಕೋಪಿ ಬಿಟ್ಟುಬಿಡಬೇಡಿ. ತೂಕ ಇಳಿಯುವುದು, ಮಲ ಕಪ್ಪಗೆ ಹೋಗುವುದು, ನುಂಗಲು ಕಷ್ಟ, ನಿಲ್ಲದ ವಾಂತಿ, ಕಾರಣ ತಿಳಿಯದ ರಕ್ತಹೀನತೆ ಇದ್ದವರಿಗಂತೂ ಈ ಮಾತು ಇನ್ನೂ ಗಟ್ಟಿಯಾಗಿ ಅನ್ವಯಿಸುತ್ತದೆ.

ಇದರ ತಿರುಗು ಮಗ್ಗಲೂ ಇದೆ. ಸಿಟಿಯಲ್ಲಿ ಜಠರದ ಗೋಡೆ ದಪ್ಪಗಿದೆ ಅಂತ ಬರೆದ ಎಷ್ಟೋ ರಿಪೋರ್ಟ್‌ಗಳು ಸುಮ್ನೆ ನಿದ್ದೆ ಕೆಡಿಸುತ್ತವೆ. ಖಾಲಿ ಜಠರ ಕುಗ್ಗಿದ್ದಾಗ ಯಾರ ಗೋಡೆಯಾದರೂ ದಪ್ಪವೇ. ಅದರಲ್ಲೂ ಕೊನೆಯ ಭಾಗ, ಅಂದರೆ ಸಣ್ಣಕರುಳಿಗೆ ಸೇರುವ ಮುಂಚಿನ ಭಾಗ, ಆರೋಗ್ಯವಂತರಲ್ಲೂ ದಪ್ಪಗಿರುತ್ತದೆ. ಪರದೆಯ ಮೇಲೆ ಎರಡು ಚಿತ್ರ ತೋರಿಸಿದೆ. ಒಬ್ಬರೇ ರೋಗಿ, ಒಂದೇ ದಿನ. ಮೊದಲನೆಯದರಲ್ಲಿ ಅಂಗಾತ ಮಲಗಿದ್ದಾರೆ, ಜಠರದ ತುದಿಯಲ್ಲಿ ಥೇಟ್ ಗಡ್ಡೆಯಂತೆ ದಪ್ಪ. ಎರಡನೆಯದಕ್ಕೆ ಮುಂಚೆ ಅವರಿಗೆ ನೀರು ಕುಡಿಸಿ, ಜಠರದ ಸೆಳೆತ ನಿಲ್ಲಿಸುವ ಒಂದು ಇಂಜೆಕ್ಷನ್ ಕೊಟ್ಟು, ಬೋರಲು ಮಲಗಿಸಿದ್ದೇವೆ. ನೀರು ಆ ಮೂಲೆಗೆ ಇಳಿದಿದೆ. ಗೋಡೆ ತೆಳ್ಳಗಾಗಿ ಹರಡಿಕೊಂಡಿದೆ. ‘ಗಡ್ಡೆ’ ನಾಪತ್ತೆ. ಹಾಗಾಗಿ ಜಠರ ನೋಡಲೆಂದೇ ಸಿಟಿ ಮಾಡುವಾಗ ಲೋಟಗಟ್ಟಲೆ ನೀರು ಕುಡಿಸುತ್ತಾರೆ. ಹೊಟ್ಟೆ ಬಿರಿಯುತ್ತಿದೆ ಅಂತ ಬೈದುಕೊಂಡಾದರೂ ಪೂರ್ತಿ ಕುಡಿಯಿರಿ.

ಎಂಡೋಸ್ಕೋಪಿಯೇ ಸೋಲುವ ಜಾಗವೂ ಒಂದಿದೆ, ಇದನ್ನು ಹೇಳುವಾಗ ನನಗೆ ಒಳಗೊಳಗೇ ಖುಷಿ. ಲಿನೈಟಿಸ್ ಪ್ಲಾಸ್ಟಿಕಾ ಅನ್ನುವ ಜಾತಿಯ ಕ್ಯಾನ್ಸರ್ ಗಡ್ಡೆಯಾಗಿ ಏಳುವುದಿಲ್ಲ. ಗೋಡೆಯ ಒಳಗೊಳಗೇ ಹಬ್ಬಿ ಇಡೀ ಜಠರವನ್ನು ಬಿರುಸಾಗಿಸುತ್ತದೆ. ಮೇಲಿನ ಪದರ ಸುಮಾರಾಗಿ ಚೆನ್ನಾಗಿಯೇ ಕಾಣಬಹುದು, ಅಲ್ಲಿಂದ ತೆಗೆದ ಚೂರಿನಲ್ಲಿ ಕ್ಯಾನ್ಸರ್ ಕೋಶ ಸಿಗದೇ ಹೋಗಬಹುದು. ಆದರೆ ಬೇರಿಯಂ ಕೊಟ್ಟಾಗ ಜಠರ ಹಿಗ್ಗುವುದೇ ಇಲ್ಲ, ಸಿಟಿಯಲ್ಲಿ ನೀರು ತುಂಬಿಸಿದರೂ ಗೋಡೆ ದಪ್ಪವಾಗಿಯೇ ನಿಲ್ಲುತ್ತದೆ. ಆಗ ಬಯಾಪ್ಸಿ ನೆಗೆಟಿವ್ ಅಂತ ಕೈತೊಳೆದುಕೊಳ್ಳದೆ, ಇನ್ನೂ ಆಳದಿಂದ ಚೂರು ತೆಗೆಯಿರಿ ಅಂತ ನಾವು ಹಟ ಹಿಡಿಯಬೇಕು.

ಜಠರದ ಕ್ಯಾನ್ಸರ್‌ಗಳಲ್ಲಿ ಹತ್ತರಲ್ಲಿ ಒಂಬತ್ತು ಒಳಪದರದಿಂದ ಹುಟ್ಟುವ ಅಡಿನೋಕಾರ್ಸಿನೋಮ. ಅದನ್ನು ಎಂಡೋಸ್ಕೋಪಿ ಹಿಡಿಯುತ್ತದೆ. ಒಳಪದರದ ಕೆಳಗಿನಿಂದ ಎದ್ದ ಗಡ್ಡೆಗಳದ್ದು ಬೇರೆ ಕತೆ. ಮೇಲೆ ನೋಡಿದರೆ ನುಣ್ಣನೆಯ ಉಬ್ಬು. ಚೂರು ತೆಗೆದರೆ ಸಿಗುವುದು ಮೇಲಿನ ಆರೋಗ್ಯವಂತ ಪದರ. ಇಲ್ಲಿ ಎಂಡೋಸ್ಕೋಪ್‌ನ ತುದಿಗೇ ಅಲ್ಟ್ರಾಸೌಂಡ್ ಕೂರಿಸಿದ ಉಪಕರಣ ಬೇಕು, ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್. ಅದರಲ್ಲಿ ಜಠರದ ಗೋಡೆ ಐದು ಪಟ್ಟೆಗಳಾಗಿ ಕಾಣುತ್ತದೆ: ಬಿಳಿ, ಕಪ್ಪು, ಬಿಳಿ, ಕಪ್ಪು, ಬಿಳಿ. ಇವುಗಳಲ್ಲಿ ನಾಲ್ಕನೆಯದು, ಕಪ್ಪಗಿರುವುದು, ಸ್ನಾಯು. ಅದರಿಂದ ಕಪ್ಪನೆಯ ಗಡ್ಡೆ ಎದ್ದಿದ್ದರೆ ಮೊದಲು ಮನಸ್ಸಿಗೆ ಬರುವುದು ಜಿಸ್ಟ್, ಜೀರ್ಣನಾಳದ ಗೋಡೆಯೊಳಗೆ ಹುಟ್ಟುವ ಒಂದು ಬಗೆಯ ಗಡ್ಡೆ. ಐದರಲ್ಲಿ ಮೂರನೆಯ ಪಟ್ಟೆಯಲ್ಲಿ ಬೆಳ್ಳಗಿನ ಗಡ್ಡೆ ಇದ್ದರೆ ಕೊಬ್ಬಿನ ಗಡ್ಡೆ, ಲಿಪೋಮ. ಜಠರದಲ್ಲಿ ಚೂರು ತೆಗೆಯದೆ ಹೆಸರು ಹೇಳಬಹುದಾದ ಅಪರೂಪದ ಗಡ್ಡೆ ಈ ಲಿಪೋಮ. ಸಿಟಿಯಲ್ಲಿ ಪ್ರತಿ ಚುಕ್ಕೆಗೂ ಒಂದು ಅಂಕಿ ಇರುತ್ತದೆ, ಸಿಟಿ ಯಂತ್ರ ಕಟ್ಟಿದ ಹೌನ್ಸ್‌ಫೀಲ್ಡ್ ಹೆಸರಿನ ಅಳತೆ. ನೀರು 0, ಗಾಳಿ ಮೈನಸ್ 1000, ಕೊಬ್ಬು ಮೈನಸ್ 100ರ ಆಸುಪಾಸು. ಜಠರದ ಗೋಡೆಯ ಉಬ್ಬಿನ ಮೇಲೆ ಮೌಸ್ ಇಟ್ಟಾಗ ಮೈನಸ್ 100 ತೋರಿಸಿದರೆ ಅಲ್ಲಿಗೆ ಮಾತು ಮುಗಿಯಿತು.

ಜಿಸ್ಟ್ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಜೀರ್ಣನಾಳದ ಜಿಸ್ಟ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜಠರದಲ್ಲೇ ಹುಟ್ಟುತ್ತವೆ. ಇದರ ಹಿಂದೆ ಕಿಟ್ ಅನ್ನುವ ಜೀನ್‌ನ ದೋಷ ಇದೆ ಅಂತ 1998ರಲ್ಲಿ ಜಪಾನಿನ ಹಿರೋತಾ ಮತ್ತು ಸಂಗಡಿಗರು ತೋರಿಸಿದರು. ನಾಲ್ಕೇ ವರ್ಷದಲ್ಲಿ, 2002ರಲ್ಲಿ, ಜಿಸ್ಟ್‌ಗೆ ಇಮ್ಯಾಟಿನಿಬ್ ಅನ್ನುವ ಮಾತ್ರೆ ಕೊಡಲು ಅಮೆರಿಕದಲ್ಲಿ ಒಪ್ಪಿಗೆಯೂ ಸಿಕ್ಕಿತು. ಸ್ಕ್ಯಾನ್‌ನಲ್ಲಿ ಜಿಸ್ಟ್ ಹೆಚ್ಚಾಗಿ ಜಠರದಿಂದ ಹೊರಮುಖವಾಗಿ ಬೆಳೆಯುತ್ತದೆ. ದೊಡ್ಡದಾದರೆ ನಡುವೆ ಕೊಳೆತ ಭಾಗ. ಲಿಂಫ್ ಗಂಟುಗಳಿಗೆ ಹೋಗುವುದು ಅಪರೂಪ, ಲಿವರ್‌ಗೆ ಹೋಗುವುದು ಸಾಮಾನ್ಯ. ಮಾತ್ರೆ ಶುರುಮಾಡಿದ ಮೇಲೆ ಅಳತೆಪಟ್ಟಿ ಮಾತ್ರ ನೋಡಿದರೆ ಮೋಸ ಹೋಗುತ್ತೇವೆ. ಗಡ್ಡೆ ಸಾಯುತ್ತಿದ್ದರೂ ಗಾತ್ರ ಅಷ್ಟೇ ಇರಬಹುದು, ಒಳಗೆ ಮಾತ್ರ ನೀರಾಗುತ್ತಾ ಹೋಗುತ್ತದೆ. ಅದಕ್ಕೇ ಗಾತ್ರ 10% ಇಳಿದರೆ ಅಥವಾ ಆ ಹೌನ್ಸ್‌ಫೀಲ್ಡ್ ಅಂಕಿ 15% ಇಳಿದರೆ ಔಷಧ ಕೆಲಸ ಮಾಡುತ್ತಿದೆ ಅಂತ ಲೆಕ್ಕ. 2007ರಲ್ಲಿ ಬಂದ ಈ ಅಳತೆಗೆ ಚೋಯ್ ಮಾನದಂಡ ಅನ್ನುತ್ತಾರೆ.

ಅಡಿನೋಕಾರ್ಸಿನೋಮ ಅಂತ ಬಯಾಪ್ಸಿಯಲ್ಲಿ ಗೊತ್ತಾದ ಮೇಲೆ ನಮ್ಮ ಕೆಲಸ ಬೇರೆಯಾಗುತ್ತದೆ. ಎಷ್ಟು ಆಳಕ್ಕೆ ಇಳಿದಿದೆ, ಎಲ್ಲೆಲ್ಲಿಗೆ ಹೋಗಿದೆ ಅನ್ನುವುದನ್ನು ಹೇಳಬೇಕು. ಸಿಟಿ ಇದರಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಹೊಟ್ಟೆಯ ಒಳಪೊರೆಯ ಮೇಲೆ ಹರಡಿದ ಸಣ್ಣ ಸಣ್ಣ ಕಾಳುಗಳು ಅದಕ್ಕೆ ಕಾಣುವುದಿಲ್ಲ. ಅದಕ್ಕಾಗಿಯೇ ದೊಡ್ಡ ಆಪರೇಷನ್‌ಗೆ ಮುಂಚೆ ಎಷ್ಟೋ ಜನರಿಗೆ ಲ್ಯಾಪರೋಸ್ಕೋಪಿ ಮಾಡಿ, ಅಂದರೆ ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ಕ್ಯಾಮೆರಾ ಇಳಿಸಿ, ನೋಡುತ್ತಾರೆ. ‘ಪೆಟ್ ಸ್ಕ್ಯಾನ್ ಮಾಡಿಸಿದರೆ ಎಲ್ಲಾ ಕಾಣುತ್ತಂತೆ’ ಅನ್ನುವವರಿಗೆ ಒಂದು ಮಾತು: ಸಿಗ್ನೆಟ್ ರಿಂಗ್ ಅನ್ನುವ ಬಗೆಯ ಜಠರದ ಕ್ಯಾನ್ಸರ್ ಪೆಟ್‌ನಲ್ಲಿ ಕ್ಯಾನ್ಸರ್ ಬೆಳಗಲೆಂದು ಕೊಡುವ ಸಕ್ಕರೆಯನ್ನು ಹೆಚ್ಚಾಗಿ ಹೀರಿಕೊಳ್ಳುವುದೇ ಇಲ್ಲ. ಅಲ್ಲೂ ಕತ್ತಲೆಯೇ.

ಈಗ ಆ ಪೀಕಲಾಟಕ್ಕೆ ಬರೋಣ.

ಒಬ್ಬರಿಗೆ ಜಠರದ ಕ್ಯಾನ್ಸರ್ ಅಂತ ಬಯಾಪ್ಸಿಯಲ್ಲಿ ಗೊತ್ತಾಗಿದೆ. ಆಪರೇಷನ್ ಮಾಡಿದರೆ ಗುಣವಾಗುವ ಹಂತ. ಸಿಟಿ ಮಾಡುತ್ತಾರೆ. ಲಿವರ್‌ನಲ್ಲಿ ಒಂದು ಸೆಂಟಿಮೀಟರ್‌ನ ಚುಕ್ಕೆ. ಅದು ಜಠರದಿಂದ ಹರಡಿದ್ದಾದರೆ ನಾಲ್ಕನೇ ಹಂತ, ಚಿಕಿತ್ಸೆಯ ದಾರಿಯೇ ಬೇರೆ. ಅದು ಹೆಮಾಂಜಿಯೋಮ ಆದರೆ ಆ ಚುಕ್ಕೆಗೆ ಬೆಲೆಯೇ ಇಲ್ಲ, ಆಪರೇಷನ್‌ಗೆ ಹೋಗಬಹುದು. ಒಂದು ಸೆಂಟಿಮೀಟರ್‌ನ ಮೇಲೆ ಇಷ್ಟು ಭಾರ. ತೊಂದರೆ ಏನಾಗುತ್ತದೆ ಅಂದರೆ, ಎಷ್ಟೋ ಕಡೆ ಇಂಥ ಸಿಟಿಯನ್ನು 70 ಸೆಕೆಂಡ್‌ನ ಒಂದೇ ಹಂತದಲ್ಲಿ ತೆಗೆದಿರುತ್ತಾರೆ. ನಾನು ಮೊದಲು ತೋರಿಸಿದ ನಾಲ್ಕು ಚಿತ್ರಗಳಲ್ಲಿ ಮೂರು ಇಲ್ಲ. ಗಡ್ಡೆ ಹೇಗೆ ತುಂಬಿತು ಅನ್ನುವುದು ಗೊತ್ತಿಲ್ಲದೆ ನಡುವಿನ ಒಂದು ಕ್ಷಣ ನೋಡಿ ತೀರ್ಪು ಕೊಡಬೇಕು. ಕೊಡಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ. ‘ಹರಡಿರಬಹುದು’ ಅಂತ ಬರೆದು ಕೈಬಿಡುವುದು ಸುಲಭ. ಆ ಒಂದು ಪದ ಒಬ್ಬರ ಆಪರೇಷನ್ ತಪ್ಪಿಸಬಹುದು.

ಸರಿಯಾದ ದಾರಿ ಎಂಆರ್‌ಐ. ಟಿ2ನಲ್ಲಿ ಹೆಮಾಂಜಿಯೋಮ ಝಗ್ ಅಂತ ಹೊಳೆದರೆ, ಹರಡಿದ ಕ್ಯಾನ್ಸರ್ ಅರೆಬಿಳಿಯಾಗಿ ಮಂಕಾಗಿರುತ್ತದೆ. ನೀರಿನ ಕಣಗಳ ಓಡಾಟವನ್ನು ಅಳೆಯುವ ಡಿಫ್ಯೂಷನ್ ಅನ್ನುವ ಚಿತ್ರವೂ ಇದೆ. ಕ್ಯಾನ್ಸರ್‌ನಲ್ಲಿ ಕೋಶಗಳು ಒತ್ತೊತ್ತಾಗಿರುವುದರಿಂದ ನೀರು ಓಡಾಡಲಾರದು, ಹೆಮಾಂಜಿಯೋಮದಲ್ಲಿ ಅಷ್ಟು ತಡೆ ಇಲ್ಲ. ಆಮೇಲೆ ಕಾಂಟ್ರಾಸ್ಟ್‌ನ ಎಲ್ಲಾ ಹಂತಗಳು. ಇಷ್ಟಾದ ಮೇಲೂ ಅನುಮಾನ ಉಳಿಯುವುದು ಕಡಿಮೆ. ಉಳಿದರೆ ಇಲ್ಲಿ ಬಯಾಪ್ಸಿಗೆ ನಿಜವಾದ ಕಾರಣ ಸಿಕ್ಕಿತು.

ಇಷ್ಟಕ್ಕೇ ಮುಗಿಯುವುದಿಲ್ಲ. ಲಿವರ್‌ನ ಎಡಭಾಗ ಜಠರದ ಮುಂದೆಯೇ ಒರಗಿಕೊಂಡಿರುತ್ತದೆ. ಆ ಭಾಗದ ಅಂಚಿನಿಂದ ತೊಟ್ಟಿನಲ್ಲಿ ತೂಗುವ ಹೆಮಾಂಜಿಯೋಮ ಕೆಲವೊಮ್ಮೆ ಜಠರವನ್ನು ಹೊರಗಿನಿಂದ ಒತ್ತುತ್ತದೆ. ಎಂಡೋಸ್ಕೋಪಿಯಲ್ಲಿ ನೋಡಿದವರಿಗೆ ಅದು ನುಣ್ಣನೆಯ ಉಬ್ಬು, ಥೇಟ್ ಜಿಸ್ಟ್. ಇನ್ನೊಂದು ಕಡೆ, ಜಠರದಿಂದ ಹೊರಮುಖವಾಗಿ ಬೆಳೆದ ಜಿಸ್ಟ್ ಲಿವರ್‌ಗೆ ಅಂಟಿಕೊಂಡು ಲಿವರ್‌ನದೇ ಗಡ್ಡೆಯಂತೆ ಕಾಣಬಹುದು. ಯಾರ ಗಡ್ಡೆ ಇದು? ಆಗ ಎರಡು ಕೆಲಸ ಮಾಡುತ್ತೇವೆ. ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್‌ನಲ್ಲಿ ಐದು ಪಟ್ಟೆಗಳು ಎಲ್ಲೂ ಕಡಿಯದೆ ಗಡ್ಡೆಯ ಮೇಲೆ ಹಾದುಹೋಗಿವೆಯಾ ನೋಡುತ್ತೇವೆ. ಹೋಗಿದ್ದರೆ ಗಡ್ಡೆ ಜಠರದ್ದಲ್ಲ, ಹೊರಗಿನದು. ಸಿಟಿಯಲ್ಲಿ ಗಡ್ಡೆಗೆ ರಕ್ತ ತರುವ ಅಪಧಮನಿಯನ್ನು ಹಿಡಿದು ಹಿಂದಕ್ಕೆ ಹೋಗುತ್ತೇವೆ. ಅದು ಲಿವರ್ ಅಪಧಮನಿಗೆ ಸೇರಿತೋ, ಜಠರದ ಅಪಧಮನಿಗೆ ಸೇರಿತೋ ನೋಡಿದರೆ ಗಡ್ಡೆಯ ಮನೆ ಗೊತ್ತಾಗುತ್ತದೆ.

ಇಮ್ಯಾಟಿನಿಬ್ ತೆಗೆದುಕೊಳ್ಳುತ್ತಿರುವ ಜಿಸ್ಟ್ ರೋಗಿಗಳಲ್ಲಿ ಇನ್ನೊಂದು ವಿಚಿತ್ರ. ಮೊದಲ ಸ್ಕ್ಯಾನ್‌ನಲ್ಲಿ ಲಿವರ್‌ನಲ್ಲಿ ಏನೂ ಇಲ್ಲ. ಮಾತ್ರೆ ಶುರುಮಾಡಿದ ಮೇಲಿನ ಸ್ಕ್ಯಾನ್‌ನಲ್ಲಿ ‘ಹೊಸ’ ಕಪ್ಪು ಚುಕ್ಕೆಗಳು. ರೋಗ ಜಾಸ್ತಿಯಾಯಿತು ಅಂದುಕೊಂಡು ಮಾತ್ರೆ ನಿಲ್ಲಿಸಿದರೆ ದೊಡ್ಡ ಅನ್ಯಾಯ. ಅವು ಮೊದಲೂ ಇದ್ದವು. ಲಿವರ್‌ನ ಬಣ್ಣವೇ ಇದ್ದುದರಿಂದ ಕಾಣುತ್ತಿರಲಿಲ್ಲ, ಈಗ ಸತ್ತು ಕಪ್ಪಾದ ಮೇಲೆ ಕಾಣಿಸುತ್ತಿವೆ. ಹಳೆಯ ಚಿತ್ರವನ್ನು ಪಕ್ಕದಲ್ಲಿಟ್ಟು ಮತ್ತೆ ಹುಡುಕಿದರೆ ಮಂಕಾದ ಗುರುತು ಎಷ್ಟೋ ಸಲ ಸಿಗುತ್ತದೆ.

ಕೊನೆಗೆ ಸಭೆಯಿಂದ ಬಂದ ಪ್ರಶ್ನೆಗಳು.

ಒಬ್ಬರು ಅಮ್ಮ ಕೇಳಿದರು: ಮಗಳಿಗೆ ಹೆಮಾಂಜಿಯೋಮ ಅಂತ ಬಂದಿದೆ, ಪ್ರತಿ ವರ್ಷ ಸ್ಕ್ಯಾನ್ ಮಾಡಿಸಬೇಕಾ, ಗರ್ಭಿಣಿಯಾದರೆ ತೊಂದರೆಯಾ? ಚಿತ್ರ ಸ್ಪಷ್ಟವಾಗಿದ್ದರೆ ವರ್ಷ ವರ್ಷ ಸ್ಕ್ಯಾನ್ ಬೇಕಿಲ್ಲಮ್ಮಾ. ಅದು ಕ್ಯಾನ್ಸರ್ ಆಗಿ ತಿರುಗುವುದಿಲ್ಲ. ಗರ್ಭಿಣಿಯಾಗಲು ಅಡ್ಡಿಯಿಲ್ಲ. ತುಂಬ ದೊಡ್ಡದಿದ್ದರೆ, ನೋವಿದ್ದರೆ, ಅಥವಾ ಬೆಳೆಯುತ್ತಾ ಹೋಗುತ್ತಿದ್ದರೆ ಲಿವರ್ ಡಾಕ್ಟರ ಕಣ್ಣಲ್ಲಿರಲಿ.

ಇನ್ನೊಬ್ಬರ ಪ್ರಶ್ನೆ ವಿಕಿರಣದ ಬಗ್ಗೆ. ಹೊಟ್ಟೆಯ ಸಿಟಿಗೆ ಒಂದು ಹಂತದ್ದಾದರೆ ಸುಮಾರು 8ರಿಂದ 10 ಮಿಲಿಸೀವರ್ಟ್. ಭೂಮಿ, ಗಾಳಿ, ಆಕಾಶದಿಂದ ನಮಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಬೀಳುತ್ತಲೇ ಇರುತ್ತದೆ. ಹಂತ ಜಾಸ್ತಿಯಾದಂತೆ ವಿಕಿರಣವೂ ಜಾಸ್ತಿ. ಬೇಕಾದಾಗ ಹಿಂಜರಿಯಬೇಡಿ. ಚೆಕಪ್ ಪ್ಯಾಕೇಜ್‌ನಲ್ಲಿದೆ ಅಂತ ಸುಮ್ನೆ ಮಾಡಿಸಬೇಡಿ. ಎಂಆರ್‌ಐ, ಅಲ್ಟ್ರಾಸೌಂಡ್ ಎರಡರಲ್ಲೂ ಈ ವಿಕಿರಣ ಇಲ್ಲ.

ಸಿರೋಸಿಸ್, ಅಂದರೆ ಲಿವರ್ ಹಾಳಾಗಿ ಗಟ್ಟಿಯಾಗುವ ಕಾಯಿಲೆ, ಇದ್ದವರ ಲಿವರ್‌ನಲ್ಲಿ ಚುಕ್ಕೆ ಕಂಡರೆ ಹೆಮಾಂಜಿಯೋಮ ಅಂತ ಬಿಡಬಹುದಾ ಅಂತಲೂ ಒಬ್ಬರು ಕೇಳಿದರು. ಬಿಡಬಾರದು. ಆ ಲಿವರ್‌ನಲ್ಲಿ ಹೊಸ ಗಡ್ಡೆ ಅಂದರೆ ಕ್ಯಾನ್ಸರ್ ಅಲ್ಲ ಅಂತ ಸಾಬೀತಾಗುವವರೆಗೆ ಕ್ಯಾನ್ಸರ್ ಅನ್ನುವ ಲೆಕ್ಕದಲ್ಲೇ ನೋಡಬೇಕು. ಹಳೆಯ ಹೆಮಾಂಜಿಯೋಮವೂ ಸಿರೋಸಿಸ್ ಬೆಳೆದಂತೆ ಕುಗ್ಗಿ ಗಟ್ಟಿಯಾಗಿ ತನ್ನ ಗುರುತನ್ನೇ ಕಳೆದುಕೊಳ್ಳುತ್ತದೆ.

ಕೊನೆಯದಾಗಿ, ಸ್ಕ್ಯಾನ್‌ಗೆ ಬರುವಾಗ ಏನು ತರಬೇಕು? ಹಳೆಯ ಸ್ಕ್ಯಾನ್. ರಿಪೋರ್ಟ್ ಕಾಗದ ಒಂದೇ ಸಾಲದು, ಚಿತ್ರಗಳಿರುವ ಸಿಡಿ ಅಥವಾ ಪೆನ್‌ಡ್ರೈವ್ ತನ್ನಿ. ಐದು ವರ್ಷದ ಹಿಂದಿನ ಚಿತ್ರದಲ್ಲಿ ಅದೇ ಚುಕ್ಕೆ ಅದೇ ಗಾತ್ರದಲ್ಲಿ ಕೂತಿದ್ದರೆ, ಮುಂದೆ ಮಾಡಬೇಕೆಂದಿದ್ದ ಅರ್ಧದಷ್ಟು ಪರೀಕ್ಷೆಗಳನ್ನು ಅಲ್ಲೇ ಕೈಬಿಡಬಹುದು. ಫಿಲಂ ಹಳದಿಯಾಗಿದ್ದರೂ ಪರವಾಗಿಲ್ಲ. ಕಿಡ್ನಿ ತೊಂದರೆ, ಹಿಂದೆ ಕಾಂಟ್ರಾಸ್ಟ್‌ಗೆ ಅಲರ್ಜಿ ಆಗಿದ್ದು, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿರುವುದು, ಎಂಆರ್‌ಐ ಆದರೆ ಮೈಯೊಳಗೆ ಪೇಸ್‌ಮೇಕರ್ ಅಥವಾ ಲೋಹ ಏನಾದರೂ ಇರುವುದು, ಇವನ್ನು ಅಲ್ಲಿನ ಸಿಬ್ಬಂದಿ ಕೇಳುವವರೆಗೆ ಕಾಯದೆ ನೀವೇ ಹೇಳಿಬಿಡಿ. ಸಿಟಿಯ ಕಾಂಟ್ರಾಸ್ಟ್ ಇಂಜೆಕ್ಷನ್ ಒಳಗೆ ಹೋಗುವಾಗ ಮೈಯೆಲ್ಲ ಬಿಸಿಯಾಗುತ್ತದೆ, ಬಾಯಲ್ಲಿ ಲೋಹದ ರುಚಿ ಬರುತ್ತದೆ, ಮೂತ್ರ ಹೋದಂತೆ ಅನ್ನಿಸುತ್ತದೆ. ಹೋಗಿರುವುದಿಲ್ಲ. ಒಂದು ನಿಮಿಷದಲ್ಲಿ ಇಳಿಯುತ್ತದೆ, ಆಗ ಉಸಿರು ಹಿಡಿಯಿರಿ ಅಂದರೆ ಹಿಡಿಯಿರಿ.